ಹಳೆಯ ಪಿಟೀಲು, ಹೊಸ ಬೆಲೆ

ಇಟಲಿ ದೇಶದ ಉತ್ತರಕ್ಕೆ, ಪೋ ನದಿಯ ದಡದಲ್ಲಿ, ಕ್ರೆಮೋನಾ ಎಂಬ ಪಟ್ಟಣವಿದೆ. ೧೭೨೧ರಲ್ಲಿ ಆ ಊರಿನ ಅಂತೋನಿಯೋ ಸ್ಟ್ರಾಡಿವರಿ ಎಂಬ ಕುಶಲಿ ಒಂದು ಪಿಟೀಲು ಮಾಡಿದ. ಸುಮಾರು ಇನ್ನೂರೈವತ್ತು ವರ್ಷಗಳ ಮೇಲೆ, ೧೯೭೧ರಲ್ಲಿ, ಲಂಡನ್ನಿನ ಹರಾಜಿನಲ್ಲಿ ಅದು ೮೪,೦೦೦ ಪೌಂಡಿಗೆ, ಎಂದರೆ ಸುಮಾರು ಎರಡು ಲಕ್ಷ ಡಾಲರಿಗೆ ಹೋಯಿತು. ೨೦೦೮ರಲ್ಲಿ ಅದನ್ನೇ ಜಪಾನಿನ ಒಂದು ಸಂಗೀತ ಪ್ರತಿಷ್ಠಾನ ಒಂದು ಕೋಟಿ ಡಾಲರಿಗೂ ಮೇಲೆ ಕೊಟ್ಟು ಕೊಂಡಿತು. ೨೦೧೧ರಲ್ಲಿ ಆ ದೇಶದಲ್ಲಿ ಭೂಕಂಪವೂ ಸಮುದ್ರದ ಪ್ರಳಯವೂ ಆದಾಗ, ಸಂತ್ರಸ್ತರ ನೆರವಿಗೆಂದು ಪ್ರತಿಷ್ಠಾನ ಅದನ್ನು ಮತ್ತೆ ಹರಾಜಿಗಿಟ್ಟಿತು. ಬಂದದ್ದು ಒಂದು ಕೋಟಿ ಐವತ್ತೊಂಬತ್ತು ಲಕ್ಷ ಡಾಲರು.

ಈ ನಲವತ್ತು ವರ್ಷಗಳಲ್ಲಿ ಆ ಪಿಟೀಲಿಗೆ ಏನಾಯಿತು? ಏನೂ ಆಗಲಿಲ್ಲ. ಮರ ಅದೇ, ಮೆರುಗು ಅದೇ, ಮಾಡಿದ ಕೈಯೂ ಅದೇ. ಬೆಲೆ ಮಾತ್ರ ಎಂಭತ್ತು ಪಟ್ಟಿನ ಹತ್ತಿರಕ್ಕೆ ಏರಿತು. ಹಾಗಾದರೆ ಆ ಬೆಲೆ ಇದ್ದದ್ದು ಎಲ್ಲಿ? ಮರದಲ್ಲೋ, ನಾದದಲ್ಲೋ, ಕೊಳ್ಳುವವನ ಮನಸ್ಸಿನಲ್ಲೋ? ಇದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ವಾಚಕರೇ, ಬಾನುಲಿಯಲ್ಲಿ ಕಚೇರಿ ಕೇಳುವ ನಿಮಗೆ ಪಿಟೀಲು ಹೊಸದಲ್ಲ. ಹಾಡುಗಾರನ ಹಿಂದೆಯೇ ನೆರಳಿನಂತೆ ನಡೆಯುವ ಆ ದನಿ ನಮ್ಮದೇ ಎನ್ನುವಷ್ಟು ಬಳಕೆಯಾಗಿದೆ. ಆದರೆ ಪದವೇ ತನ್ನ ಹುಟ್ಟನ್ನು ಹೇಳುತ್ತದೆ: ಇಂಗ್ಲಿಷಿನ ‘ಫಿಡ್ಲ್’ ನಮ್ಮ ನಾಲಗೆಯಲ್ಲಿ ‘ಪಿಟೀಲು’ ಆಯಿತು. ‘ಬೆಲೆ’ ಎಂಬುದೋ ಅಚ್ಚಗನ್ನಡ. ತಮಿಳಿನ ‘ವಿಲೈ’, ತೆಲುಗಿನ ‘ವೆಲ’ ಇದರ ಒಡಹುಟ್ಟುಗಳು. ‘ಮೌಲ್ಯ’ ಸಂಸ್ಕೃತದಿಂದ ಬಂದದ್ದು. ಅದರೊಳಗೆ ‘ಮೂಲ’ ಎಂಬ ಮಾತು ಅಡಗಿದೆ. ಸಂತೆಯಲ್ಲಿ ಕೂಗುವುದು ಬೆಲೆ, ಬೇರಿನಲ್ಲಿ ಇರುವುದು ಮೌಲ್ಯ ಎಂದು ನಾನು ತರಗತಿಯಲ್ಲಿ ಹುಡುಗರಿಗೆ ಹೇಳುವುದುಂಟು. ವ್ಯಾಕರಣದಲ್ಲಿ ಈ ಭೇದ ಸುಲಭ. ಹಳೆಯ ವಾದ್ಯಗಳ ಪೇಟೆಯಲ್ಲಿ ಅಷ್ಟು ಸುಲಭವಲ್ಲ.

ಸ್ಟ್ರಾಡಿವರಿ ಹುಟ್ಟಿದ್ದು ೧೬೪೪ರ ಸುಮಾರಿಗೆ. ತೀರಿಕೊಂಡದ್ದು ೧೭೩೭ರ ಡಿಸೆಂಬರಿನಲ್ಲಿ. ತೊಂಬತ್ತು ದಾಟಿದ ಆಯುಸ್ಸಿನಲ್ಲಿ ಕೊನೆಯವರೆಗೂ ಉಳಿ ಕೆಳಗಿಟ್ಟವನಲ್ಲ. ಆತ ಮಾಡಿದ ವಾದ್ಯಗಳು ಸಾವಿರಕ್ಕೂ ಮೇಲೆ ಎಂದು ಅಂದಾಜು. ಉಳಿದಿರುವುದು ಆರುನೂರೈವತ್ತರಷ್ಟು, ಅವುಗಳಲ್ಲಿ ಪಿಟೀಲುಗಳೇ ಐನೂರರ ಸುಮಾರು. ಮೇಲುಹಲಗೆಗೆ ಸ್ಪ್ರೂಸ್ ಮರ, ಹಿಂಭಾಗಕ್ಕೂ ಪಕ್ಕೆಗಳಿಗೂ ಮೇಪಲ್ ಮರ, ಮೇಲೆ ಕೆಂಪು ಹೊನ್ನಿನ ಬಣ್ಣದ ಮೆರುಗು. ಅದೇ ಊರಿನಲ್ಲಿ ಅಮಾತಿ ಮನೆತನದವರೂ ಗ್ವಾರ್ನೇರಿ ಮನೆತನದವರೂ ಇದೇ ಕಸುಬು ಮಾಡುತ್ತಿದ್ದರು. ನಮ್ಮಲ್ಲಿ ಒಂದೊಂದು ಊರಿಗೆ ಒಂದೊಂದು ಕೈಕಸುಬು ಹೆಸರಾಗುವಂತೆ ಕ್ರೆಮೋನಾಕ್ಕೆ ಪಿಟೀಲು ಹೆಸರಾಯಿತು.

ಆದರೆ ಒಂದು ಸಂಗತಿ ನೆನಪಿಡಿ. ಸ್ಟ್ರಾಡಿವರಿ ಸತ್ತ ಮೇಲೆ ಬಹುಕಾಲ ಆತನ ಪಿಟೀಲು ಎಲ್ಲಕ್ಕಿಂತ ಮೇಲೆಂದು ಲೋಕ ಎಣಿಸಲಿಲ್ಲ. ಹದಿನೆಂಟನೆಯ ಶತಮಾನದ ಬಹುಭಾಗ ಹೆಚ್ಚಿನ ಬೆಲೆ ಇದ್ದದ್ದು ಟಿರೋಲ್ ಸೀಮೆಯ ಯಾಕೋಬ್ ಸ್ಟೈನರ್ ಎಂಬಾತನ ಪಿಟೀಲುಗಳಿಗೆ. ಅವುಗಳ ಹೊಟ್ಟೆ ಉಬ್ಬು, ದನಿ ಇಂಪು. ಅರಮನೆಯ ಕೋಣೆಗೆ ಅದೇ ಸಾಕಾಗಿತ್ತು. ಇಟಲಿಯ ವರ್ತಕನೊಬ್ಬ ಸ್ಟ್ರಾಡಿವರಿ ಪಿಟೀಲುಗಳನ್ನು ಲಂಡನ್ನಿಗೆ ಒಯ್ದು, ಒಂದಕ್ಕೆ ಐದು ಪೌಂಡೂ ಹುಟ್ಟದೆ ವಾಪಸು ತಂದನೆಂದು ಹಳೆಯ ಐತಿಹ್ಯವಿದೆ. ಐತಿಹ್ಯವೇ ಆದರೂ ಕಾಲದ ರುಚಿಯನ್ನು ಅದು ಸರಿಯಾಗಿಯೇ ಹೇಳುತ್ತದೆ.

ರುಚಿ ಬದಲಾದದ್ದು ಹೇಗೆ? ಸಂಗೀತ ಅರಮನೆಯ ಕೋಣೆಯಿಂದ ಹೊರಬಂದು ಟಿಕೀಟು ಕೊಂಡವರು ತುಂಬಿದ ದೊಡ್ಡ ಸಭಾಂಗಣಕ್ಕೆ ನಡೆಯಿತು. ಕೊನೆಯ ಸಾಲಿನವನಿಗೂ ಕೇಳಬೇಕಾದರೆ ದನಿಗೆ ಕಸುವು ಬೇಕು. ಸ್ಟ್ರಾಡಿವರಿಯ ಪಿಟೀಲಿನ ಮೈ ಹೆಚ್ಚು ಚಪ್ಪಟೆ. ಅದರ ದನಿ ದೂರಕ್ಕೆ ಹೋಗುತ್ತದೆ. ೧೭೮೨ರಲ್ಲಿ ವಿಯೋತ್ತಿ ಎಂಬ ಇಟಲಿಯ ವಾದಕ ಪ್ಯಾರಿಸಿನಲ್ಲಿ ನುಡಿಸಿ ಜನರನ್ನು ಬೆರಗುಗೊಳಿಸಿದ ಮೇಲೆ ಸ್ಟ್ರಾಡಿವರಿಯ ಹೆಸರು ಮೇಲೇರಿತು. ಆಗ ಆ ಪಿಟೀಲುಗಳ ಕುತ್ತಿಗೆಯನ್ನು ಬಿಚ್ಚಿ ಉದ್ದವಾದ ಬೇರೆ ಕುತ್ತಿಗೆ ಹಾಕಿದರು, ಒಳಗಿನ ಮರದ ಪಟ್ಟಿಯನ್ನು ದಪ್ಪಗೊಳಿಸಿದರು, ತಂತಿಗಳನ್ನು ಬಿಗಿದರು. ಇಂದು ಹಳೆಯದೆಂದು ಕೈಮುಗಿಯುವ ಪಿಟೀಲುಗಳಲ್ಲಿ ಹೆಚ್ಚಿನವು ಹೀಗೆ ತಿದ್ದಿಸಿಕೊಂಡವು. ಸ್ಟ್ರಾಡಿವರಿ ಸ್ವತಃ ಕೇಳಿದ ದನಿ ಅವುಗಳಲ್ಲಿ ಈಗ ಹಾಗೆಯೇ ಉಳಿದಿಲ್ಲ.

ಇನ್ನು ಕೊಂಡವರ ಕಥೆ. ೧೭೭೫ರಲ್ಲಿ ಕೋಜಿಯೋ ದಿ ಸಲಾಬೂಯೆ ಎಂಬ ಇಪ್ಪತ್ತು ವರ್ಷದ ಇಟಲಿಯ ಜಹಗೀರುದಾರ, ಸ್ಟ್ರಾಡಿವರಿಯ ಮಗ ಪಾವೊಲೋನಿಂದ ಮನೆಯಲ್ಲಿ ಉಳಿದಿದ್ದ ಪಿಟೀಲುಗಳನ್ನು ಕೊಂಡ. ಪಾವೊಲೋ ಬಟ್ಟೆಯ ವ್ಯಾಪಾರಿ. ತಂದೆಯ ಕಸುಬು ಅವನಿಗೆ ಬೇಕಿರಲಿಲ್ಲ. ಕೋಜಿಯೋ ಪಿಟೀಲುಗಳ ಜೊತೆಗೆ ಅಚ್ಚುಗಳು, ಮಾದರಿ ಹಲಗೆಗಳು, ಹತಾರಗಳು ಎಲ್ಲವನ್ನೂ ಕಾಪಾಡಿದ. ಒಂದೊಂದು ವಾದ್ಯದ ಅಳತೆಯನ್ನೂ ಬರೆದಿಟ್ಟ. ಪಿಟೀಲುಗಳ ಚರಿತ್ರೆ ನಮಗಿಷ್ಟು ತಿಳಿದಿರುವುದು ಆ ಬರಹದ ಪುಣ್ಯದಿಂದ. ಆ ಹತಾರಗಳನ್ನು ೧೯೨೦ರಲ್ಲಿ ಫಿಯೊರೀನಿ ಎಂಬ ಪಿಟೀಲುಗಾರ ಒಂದು ಲಕ್ಷ ಲೀರಾ ಕೊಟ್ಟು ಕೊಂಡು, ೧೯೩೦ರಲ್ಲಿ ಕ್ರೆಮೋನಾ ನಗರಕ್ಕೆ ದಾನವಾಗಿ ಕೊಟ್ಟ. ಮಗನಿಗೆ ಬೇಡವಾದ ಹಳೆಯ ಹಲಗೆಗಳು ಇಂದು ವಸ್ತುಸಂಗ್ರಹಾಲಯದ ಗಾಜಿನೊಳಗೆ ಕುಳಿತಿವೆ.

ಕೋಜಿಯೋನ ಬಳಿಕ ಬಂದವನು ಲೂಯಿಜಿ ತಾರೀಸಿಯೋ. ಇವನು ಜಹಗೀರುದಾರನಲ್ಲ, ಬಡಗಿ ಕೆಲಸ ಕಲಿತ ಬಡವ. ಹೊಸ ಪಿಟೀಲುಗಳನ್ನು ಹೆಗಲಿಗೇರಿಸಿ ಊರೂರು ತಿರುಗಿ, ಮಠಗಳಲ್ಲೂ ರೈತರ ಮನೆಗಳಲ್ಲೂ ಮೂಲೆಗೆ ಬಿದ್ದ ಹಳೆಯ ಪಿಟೀಲಿಗೆ ಹೊಸದನ್ನು ಬದಲು ಕೊಟ್ಟು ಬರುತ್ತಿದ್ದ. ಹಳೆಯ ಪಾತ್ರೆಗೆ ಹೊಸ ಪಾತ್ರೆ ಕೊಡುವವರನ್ನು ನಾವು ನಮ್ಮ ಬೀದಿಗಳಲ್ಲಿ ಕಂಡಿಲ್ಲವೆ? ಅದೇ ರೀತಿ. ಕೊಟ್ಟವನಿಗೂ ಸಂತೋಷ, ಕೊಂಡವನಿಗೂ ಸಂತೋಷ. ಲೆಕ್ಕ ತಿಳಿದಿದ್ದುದು ಮಾತ್ರ ಒಬ್ಬನಿಗೇ. ೧೮೨೭ರಲ್ಲಿ ಮೊದಲ ಸಲ ಪಿಟೀಲುಗಳೊಡನೆ ಪ್ಯಾರಿಸಿಗೆ ಹೋದ ಮೇಲೆ ಅಲ್ಲಿನ ವರ್ತಕರಿಗೆ ಇವನ ದಾರಿ ಕಾಯುವುದೇ ಅಭ್ಯಾಸವಾಯಿತು. ೧೭೧೬ರ ಒಂದು ಸ್ಟ್ರಾಡಿವರಿಯನ್ನು ಹೊಗಳುವನೇ ಹೊರತು ಎಂದೂ ತಂದು ತೋರಿಸಲಿಲ್ಲ. ಬರುವನೆಂದು ಕಾಯುವುದೇ ಆಯಿತು, ಬರುವುದು ಮಾತ್ರ ಇಲ್ಲ ಎಂದು ಪ್ಯಾರಿಸಿನ ವಾದಕನೊಬ್ಬ ಆಡಿದ ಹಾಸ್ಯದಿಂದಲೇ ಆ ಪಿಟೀಲಿಗೆ ‘ಮೆಸಾಯ’ ಎಂಬ ಹೆಸರು ನಿಂತಿತು.

ತಾರೀಸಿಯೋ ೧೮೫೪ರಲ್ಲಿ ತೀರಿಕೊಂಡ. ಸುದ್ದಿ ತಿಳಿದೊಡನೆ ಪ್ಯಾರಿಸಿನ ಪ್ರಸಿದ್ಧ ಪಿಟೀಲುಗಾರ ವುಯ್ಯೋಮ್, ೧೮೫೫ರ ಜನವರಿಯ ಚಳಿಯಲ್ಲೇ ಇಟಲಿಗೆ ಧಾವಿಸಿ, ವಾರಸುದಾರರಿಂದ ಸುಮಾರು ನೂರೈವತ್ತು ವಾದ್ಯಗಳನ್ನು ಎಂಭತ್ತು ಸಾವಿರ ಫ್ರಾಂಕಿನಷ್ಟು ಹಣಕ್ಕೆ ಒಟ್ಟಿಗೆ ಕೊಂಡ. ಅವುಗಳಲ್ಲಿ ಎರಡು ಡಜನಿನಷ್ಟು ಸ್ಟ್ರಾಡಿವರಿಯವು. ಆ ‘ಮೆಸಾಯ’ವೂ ಅಲ್ಲೇ ಇತ್ತು. ೧೮೯೦ರಲ್ಲಿ ಅದೊಂದೇ ಪಿಟೀಲಿಗೆ ಎರಡು ಸಾವಿರ ಪೌಂಡು ಬಂತು. ಪಿಟೀಲೊಂದಕ್ಕೆ ಅದುವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಈಗ ಅದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ನೋಡಬಹುದು, ಕೇಳಲಾಗದು.

ಮೊದಲು ಹೇಳಿದ ೧೭೨೧ರ ಪಿಟೀಲೂ ವುಯ್ಯೋಮನ ಕೈಯಿಂದ ಹಾದುಬಂದದ್ದೇ. ಅದನ್ನು ಸುಮಾರು ಮೂವತ್ತು ವರ್ಷ ಇಟ್ಟುಕೊಂಡು ನುಡಿಸಿದಾಕೆ ಲೇಡಿ ಆನ್ ಬ್ಲಂಟ್, ಕವಿ ಬೈರನ್ನನ ಮೊಮ್ಮಗಳು. ೧೮೮೩-೮೪ರಲ್ಲಿ ಗಂಡನೊಡನೆ ನಮ್ಮ ದೇಶಕ್ಕೂ ಬಂದುಹೋದವಳು. ಇಂದಿಗೂ ಆ ಪಿಟೀಲು ‘ಲೇಡಿ ಬ್ಲಂಟ್’ ಎಂದೇ ಪ್ರಸಿದ್ಧ. ಇಂಥ ಹೆಸರೂ ಬೆಲೆಯ ಒಂದು ಭಾಗವೇ. ಯಾರು ಮಾಡಿದರು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ವಂಶಾವಳಿ ಸರಿಯಾಗಿದ್ದರೆ ಬೆಲೆ ಏರುತ್ತದೆ. ನಡುವೆ ಒಂದು ಕೊಂಡಿ ಕಳಚಿದರೆ ಅನುಮಾನ ಹೊಗುತ್ತದೆ.

ಇಪ್ಪತ್ತನೆಯ ಶತಮಾನದ ಲೆಕ್ಕವನ್ನು ನೋಡಿ. ತೋಷಾ ಸೈಡೆಲ್ ಎಂಬ ವಾದಕ ೧೯೨೪ರಲ್ಲಿ, ೧೭೧೪ರ ಒಂದು ಸ್ಟ್ರಾಡಿವರಿಯನ್ನು ಇಪ್ಪತ್ತೈದು ಸಾವಿರ ಡಾಲರಿಗೆ ಕೊಂಡ. ೨೦೨೨ರ ಜೂನಿನಲ್ಲಿ ಅದೇ ಪಿಟೀಲು ಒಂದು ಕೋಟಿ ಐವತ್ಮೂರು ಲಕ್ಷ ಡಾಲರಿಗೆ ಮಾರಾಟವಾಯಿತು. ಆರುನೂರು ಪಟ್ಟು ಏರಿತು ಎಂದು ಅವಸರದಲ್ಲಿ ಹೇಳಬೇಡಿ. ಹಣದ ಬೆಲೆಯೂ ಅಷ್ಟರಲ್ಲಿ ಇಳಿದಿದೆ. ಆ ತೊಂಬತ್ತೆಂಟು ವರ್ಷಗಳಲ್ಲಿ ಅಮೆರಿಕದ ಸಾಮಾನ್ಯ ಧಾರಣೆ ಸುಮಾರು ಹದಿನೇಳು ಪಟ್ಟು ಏರಿದೆ. ಅದನ್ನು ಕಳೆದರೂ ಪಿಟೀಲಿನ ಬೆಲೆ ಮೂವತ್ತಾರು ಪಟ್ಟಿನ ಸುಮಾರು ಮಿಗುತ್ತದೆ. ದಿನಸಿ ಅಂಗಡಿಯ ಲೆಕ್ಕ ಇದಕ್ಕೆ ಸಾಲದು.

ಇನ್ನೊಂದು ಪಿಟೀಲಿನ ಕಥೆ ಪತ್ತೇದಾರಿ ಕಾದಂಬರಿಯಂತಿದೆ. ಬ್ರೋನಿಸ್ಲಾವ್ ಹೂಬರ್ಮನ್ ದೊಡ್ಡ ವಾದಕ. ಆತನ ಬಳಿ ೧೭೧೩ರ ‘ಗಿಬ್ಸನ್’ ಎಂಬ ಸ್ಟ್ರಾಡಿವರಿ ಇತ್ತು. ೧೯೩೬ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಭವನದ ವೇದಿಕೆಯ ಮೇಲೆ ಅವನು ಬೇರೊಂದು ಪಿಟೀಲು ನುಡಿಸುತ್ತಿದ್ದಾಗ, ಒಳಗಿನ ಕೋಣೆಯಿಂದ ಇದು ಕಳುವಾಯಿತು. ವಿಮೆಯವರು ಎಂಟು ಸಾವಿರ ಪೌಂಡು ಕೊಟ್ಟರು. ಕದ್ದ ಯುವಕನೂ ವಾದಕನೇ. ಅದರ ಮೈಗೆ ಬೂಟಿನ ಪಾಲಿಷು ಬಳಿದು ಗುರುತು ಮರೆಸಿ, ಹೋಟೆಲುಗಳಲ್ಲೂ ವಾದ್ಯವೃಂದಗಳಲ್ಲೂ ಸುಮಾರು ಐವತ್ತು ವರ್ಷ ನುಡಿಸಿಕೊಂಡೇ ಇದ್ದ. ಸಾಯುವ ಮುನ್ನ, ೧೯೮೫ರಲ್ಲಿ, ಹೆಂಡತಿಗೆ ನಿಜ ಹೇಳಿದ. ಹೂಬರ್ಮನ್ ೧೯೪೭ರಲ್ಲೇ ತೀರಿಕೊಂಡಿದ್ದ. ತನ್ನ ಪಿಟೀಲನ್ನು ಮತ್ತೆ ಕಾಣಲಿಲ್ಲ. ೧೯೮೮ರಲ್ಲಿ ಅದಕ್ಕೆ ಬಂದದ್ದು ಹನ್ನೆರಡು ಲಕ್ಷ ಡಾಲರು. ೨೦೦೧ರಲ್ಲಿ ಜೋಶುವಾ ಬೆಲ್ ಎಂಬ ವಾದಕ ನಲವತ್ತು ಲಕ್ಷಕ್ಕೆ ತುಸು ಕಡಮೆ ಕೊಟ್ಟು ಅದನ್ನು ಕೊಂಡ. ಐವತ್ತು ವರ್ಷ ಅದೇ ನಾದವನ್ನು ಊಟ ಮಾಡುತ್ತಾ ಕೇಳಿದ ಜನ ಎಷ್ಟೋ! ಅದು ಹೂಬರ್ಮನ್ನನ ಪಿಟೀಲೆಂದು ಅವರಲ್ಲಿ ಯಾರೂ ಕಂಡುಹಿಡಿಯಲಿಲ್ಲ.

ಈ ಕಥೆಗೆ ಬಾಲವೊಂದಿದೆ. ೨೦೦೭ರ ಜನವರಿಯಲ್ಲಿ, ಒಂದು ಪತ್ರಿಕೆಯ ಪರೀಕ್ಷೆಗಾಗಿ, ಜೋಶುವಾ ಬೆಲ್ ವಾಷಿಂಗ್ಟನ್ನಿನ ನೆಲದಡಿಯ ರೈಲು ನಿಲ್ದಾಣದಲ್ಲಿ ಸಾಮಾನ್ಯ ಉಡುಪಿನಲ್ಲಿ ನಿಂತು ಇದೇ ಪಿಟೀಲನ್ನು ನಲವತ್ಮೂರು ನಿಮಿಷ ನುಡಿಸಿದ. ಹಾದುಹೋದವರು ಸಾವಿರಕ್ಕೂ ಮೇಲೆ; ನಿಂತು ಕೇಳಿದವರು ಏಳು ಮಂದಿ. ಪೆಟ್ಟಿಗೆಗೆ ಬಿದ್ದದ್ದು ಮೂವತ್ತೆರಡು ಡಾಲರು ಚಿಲ್ಲರೆ. ಕೆಲಸಕ್ಕೆ ಓಡುವ ಜನರನ್ನು ದೂರಬೇಕಾಗಿಲ್ಲ. ಬಸ್ಸಿಗೆ ಹೊತ್ತಾದಾಗ ನಾವೂ ನೀವೂ ನಿಲ್ಲುತ್ತಿದ್ದೆವೇ?

ಹಾಗಾದರೆ ನಾದವನ್ನು ಕಿವಿಯಿಂದಲೇ ಗುರುತಿಸಬಹುದೇ? ಈ ಪರೀಕ್ಷೆಯನ್ನು ಬಾನುಲಿಯೇ ಮಾಡಿದೆ. ೧೯೭೭ರಲ್ಲಿ ಬಿ.ಬಿ.ಸಿ.ಯವರು ಪರದೆಯ ಹಿಂದೆ ನಾಲ್ಕು ಪಿಟೀಲುಗಳನ್ನು ನುಡಿಸಿದರು: ಒಂದು ಸ್ಟ್ರಾಡಿವರಿ, ಒಂದು ಗ್ವಾರ್ನೇರಿ, ಒಂದು ವುಯ್ಯೋಮ್, ಒಂದು ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ಮಾಡಿದ್ದು. ಕೇಳಿ ಹೇಳಬೇಕಾದವರು ಸಾಮಾನ್ಯರಲ್ಲ. ಐಸಾಕ್ ಸ್ಟರ್ನ್, ಪಿಂಕಸ್ ಜುಕರ್ಮನ್ ಎಂಬ ಇಬ್ಬರು ಮಹಾವಾದಕರು, ಚಾರ್ಲ್ಸ್ ಬೇರ್ ಎಂಬ ಹೆಸರಾಂತ ಪರೀಕ್ಷಕ. ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಇಬ್ಬರು ಹೊಸ ಪಿಟೀಲನ್ನೇ ಸ್ಟ್ರಾಡಿವರಿ ಎಂದರು.

ಮುಂದೆ ೨೦೧೦ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ವಿಜ್ಞಾನಿಗಳು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಇಪ್ಪತ್ತೊಂದು ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ, ಹಳೆಯ ಮರದ ವಾಸನೆಯೂ ತಿಳಿಯದಂತೆ ಪಿಟೀಲಿಗೆ ಸುಗಂಧ ಸವರಿ, ಮೂರು ಹಳೆಯವನ್ನೂ ಮೂರು ಹೊಸವನ್ನೂ ಕೈಗಿತ್ತರು. ಹೆಚ್ಚು ಮಂದಿ ಮೆಚ್ಚಿದ್ದು ಒಂದು ಹೊಸದು. ಎಲ್ಲಕ್ಕಿಂತ ಕಡಮೆ ಮೆಚ್ಚಿಕೆ ಪಡೆದದ್ದು ಒಂದು ಸ್ಟ್ರಾಡಿವರಿ. ಹೋಟೆಲಿನ ಕೋಣೆಯಲ್ಲಿ ಮಾಡಿದ ಪರೀಕ್ಷೆ ಸಲ್ಲದು ಎಂಬ ಆಕ್ಷೇಪಣೆ ಬಂತು. ೨೦೧೨ರಲ್ಲಿ ಪ್ಯಾರಿಸಿನ ಬಳಿ ಸಭಾಂಗಣದಲ್ಲೂ ನುಡಿಸಿ ನೋಡಿದಾಗ, ಹತ್ತು ಮಂದಿ ಪ್ರಸಿದ್ಧರಲ್ಲಿ ಆರು ಮಂದಿ ಹೊಸದನ್ನೇ ಆರಿಸಿದರು. ಇದರಿಂದ ಸ್ಟ್ರಾಡಿವರಿ ಕೀಳೆಂದಾಗುವುದಿಲ್ಲ. ಇಂದಿನ ಕುಶಲಿಯೂ ಅವನ ಪಕ್ಕದಲ್ಲಿ ನಿಲ್ಲಬಲ್ಲ ಎಂದಾಗುತ್ತದೆ, ಅಷ್ಟೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಬೆಲೆ ಬರಿಯ ನಾದದಲ್ಲಿಲ್ಲ. ಇರುವುದು ಐನೂರು, ಮತ್ತೊಂದು ಹುಟ್ಟುವಂತಿಲ್ಲ. ಬೇಕೆನ್ನುವ ಧನಿಕರು ಮಾತ್ರ ದೇಶದೇಶಗಳಲ್ಲಿ ಹುಟ್ಟುತ್ತಲೇ ಇದ್ದಾರೆ. ಏರಿಕೆಯ ಮೂಲ ಇದು. ಇದರ ಫಲವೇನು? ೧೯೨೪ರಲ್ಲಿ ಸೈಡೆಲ್ ಎಂಬ ವಾದಕ ತನ್ನ ಸಂಪಾದನೆಯಿಂದ ಒಂದು ಸ್ಟ್ರಾಡಿವರಿ ಕೊಂಡ. ಇಂದು ಎಷ್ಟು ದೊಡ್ಡ ವಾದಕನಿಗಾದರೂ ಅದು ಬಹುಮಟ್ಟಿಗೆ ಅಸಾಧ್ಯ. ಪ್ರತಿಷ್ಠಾನಗಳೋ ಬ್ಯಾಂಕುಗಳೋ ಕೊಂಡು, ದಯಮಾಡಿ ಎರವಲು ಕೊಟ್ಟರೆ ನುಡಿಸಬೇಕು. ನುಡಿಸುವವನ ಕೈಯಿಂದ ಜಾರಿದ ವಾದ್ಯ ಹಣದ ಗಂಟಾಗುತ್ತದೆ. ಆದರೂ ಇದಕ್ಕೆ ಇನ್ನೊಂದು ಮುಖವುಂಟು. ೨೦೨೫ರ ಫೆಬ್ರವರಿಯಲ್ಲಿ ಬೋಸ್ಟನ್ನಿನ ಒಂದು ಸಂಗೀತ ವಿದ್ಯಾಲಯ, ಹಳೆಯ ವಿದ್ಯಾರ್ಥಿಯೊಬ್ಬನಿಂದ ಬಂದ ೧೭೧೪ರ ಸ್ಟ್ರಾಡಿವರಿಯನ್ನು ಒಂದು ಕೋಟಿ ಹನ್ನೆರಡು ಲಕ್ಷ ಡಾಲರಿಗೆ ಮಾರಿ, ಆ ಹಣವನ್ನು ವಿದ್ಯಾರ್ಥಿವೇತನಕ್ಕೆ ಇಟ್ಟಿತು. ಒಂದು ಪಿಟೀಲು ಹೋಗಿ ಎಷ್ಟೋ ಪಿಟೀಲುಗಾರರಾದರೆ ಅದು ನಷ್ಟದ ವ್ಯಾಪಾರವಲ್ಲ.

ಹಳತಾಯಿತೆಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ ಎಂಬುದಕ್ಕೆ ಅಮೆರಿಕದ ಪೆಡಲ್ ಸ್ಟೀಲ್ ಗಿಟಾರು ಸಾಕ್ಷಿ. ಹವಾಯಿ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೋಸೆಫ್ ಕೆಕೂಕು ಎಂಬ ಹುಡುಗ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸಿದ ವಾದ್ಯಕ್ಕೆ, ಕಾಲಕ್ರಮದಲ್ಲಿ ಕಾಲುಗಳೂ ತುಳಿಯುವ ಪೆಡಲುಗಳೂ ಬಂದವು. ೧೯೫೪ರಲ್ಲಿ ಜನಪ್ರಿಯವಾದ ಒಂದು ಹಾಡಿನಲ್ಲಿ ಬಡ್ ಐಸಾಕ್ಸ್ ಎಂಬಾತ, ತಂತಿ ಮಿಡಿಯುತ್ತಿರುವಾಗಲೇ ಪೆಡಲು ತುಳಿದು ಸ್ವರವನ್ನು ಬಾಗಿಸಿದ. ಕೇಳಿದ ವಾದಕರೆಲ್ಲ ಅದರ ಬೆನ್ನುಹತ್ತಿದರು. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಎಂಬ ಕುಶಲಿ ತನ್ನ ಸಣ್ಣ ಕಾರ್ಖಾನೆಯಲ್ಲಿ ಒಂದೊಂದಾಗಿ ಮಾಡಿಕೊಡುತ್ತಿದ್ದ ಗಿಟಾರಿಗೆ ಜನ ಸರದಿ ಕಾದರು. ಆಗಿನ ಆ ವಾದ್ಯಗಳನ್ನು ಇಂದೂ ಹುಡುಕಿ ಕೊಳ್ಳುವವರಿದ್ದಾರೆ. ಆದರೆ ಹುಡುಕುವವರು ಬಹುಪಾಲು ನುಡಿಸುವವರೇ. ಕಲಿಯುವವರು ಇರುವ ತನಕ ಆ ಬೆಲೆ ನಿಲ್ಲುತ್ತದೆ. ನುಡಿಸುವ ಕೈ ಇಲ್ಲವಾದರೆ ಹಳೆಯ ಗಿಟಾರು ಹಳೆಯ ಕಬ್ಬಿಣವೇ.

ಇನ್ನು ನಮ್ಮ ಮನೆಯ ಮಾತು. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ನಮ್ಮ ತಿರುಮಕೂಡಲು ಚೌಡಯ್ಯನವರು, ಧ್ವನಿವರ್ಧಕ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ನಾದ ಸಾಲದೆಂದು, ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿಸಿದರು. ಸ್ಟ್ರಾಡಿವರಿಯ ಪಿಟೀಲಿಗೆ ಉದ್ದ ಕುತ್ತಿಗೆ ಹಾಕಿಸಿದ ಅಗತ್ಯವೂ ಇದೇ ಎಂಬುದನ್ನು ಗಮನಿಸಿ. ೧೯೬೭ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ೧೯೮೦ರಲ್ಲಿ ಆದ ಚೌಡಯ್ಯ ಸ್ಮಾರಕ ಭವನವೇ ಒಂದು ಪಿಟೀಲಿನ ಆಕಾರದಲ್ಲಿದೆ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪಿಟೀಲು ಇರಬಹುದು. ಅದರ ಹೊಟ್ಟೆಯೊಳಗೆ ಇಣುಕಿದರೆ ಸ್ಟ್ರಾಡಿವರಿಯ ಹೆಸರಿನ ಚೀಟಿಯೂ ಕಾಣಬಹುದು. ಕೂಡಲೆ ಕೋಟಿಯ ಕನಸು ಕಾಣಬೇಡಿ. ಹತ್ತೊಂಬತ್ತನೆಯ ಶತಮಾನದಿಂದ ಜರ್ಮನಿ, ಫ್ರಾನ್ಸುಗಳ ಕಾರ್ಖಾನೆಗಳು ಅಗ್ಗದ ಪಿಟೀಲುಗಳಿಗೆ ಇದೇ ಚೀಟಿಯನ್ನು ಸಾವಿರ ಸಾವಿರವಾಗಿ ಅಂಟಿಸಿವೆ. ಚೀಟಿಯಲ್ಲಿ ಜರ್ಮನಿಯಲ್ಲಿ ತಯಾರಾದದ್ದು ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ, ಅದು ಬಹುಮಟ್ಟಿಗೆ ೧೮೯೧ರಿಂದ ಈಚಿನದು. ಸರಕು ಯಾವ ದೇಶದ್ದೆಂದು ನಮೂದಿಸಲೇಬೇಕೆಂಬ ಅಮೆರಿಕದ ಕಟ್ಟಳೆ ಜಾರಿಗೆ ಬಂದ ವರ್ಷ ಅದು. ಹಾಗೆಂದು ಎಸೆಯಲೂ ಬೇಡಿ. ಕುದುರೆ ಸರಿಮಾಡಿಸಿ, ತಂತಿ ಹಾಕಿಸಿ, ಮಗುವಿನ ಕೈಗೆ ಕೊಡಿ.

ಇನ್ನೊಂದು ಕೆಲಸ ಮಾಡಿ. ಮನೆಯ ವೀಣೆಯೋ ಪಿಟೀಲೋ ತಂಬೂರಿಯೋ ಯಾವ ಊರಿನ ಯಾವ ಬಡಗಿ ಮಾಡಿದ್ದು, ಯಾರು ಕೊಂಡರು, ಯಾವ ವರ್ಷ, ಎಷ್ಟು ರೂಪಾಯಿಗೆ, ಯಾರು ಯಾರು ನುಡಿಸಿದರು ಎಂಬುದನ್ನು ಹಿರಿಯರಿರುವಾಗಲೇ ಕೇಳಿ, ಒಂದು ಹಾಳೆಯಲ್ಲಿ ಬರೆದು ವಾದ್ಯದ ಪೆಟ್ಟಿಗೆಯಲ್ಲಿಡಿ. ಹಲಸಿನ ಕೊರಡಿನಿಂದ ವೀಣೆ ಕಡೆದ ನಮ್ಮ ಎಷ್ಟೋ ಕುಶಲಿಗಳ ಹೆಸರು ಇಷ್ಟು ಬರೆಯುವವರಿಲ್ಲದೆ ಅಳಿದುಹೋಗಿದೆ. ಕ್ರೆಮೋನಾದ ಪಿಟೀಲುಗಳ ಅಳತೆಯನ್ನು ಒಬ್ಬ ಜಹಗೀರುದಾರ ಕುಳಿತು ಬರೆದುಕೊಂಡ. ಹಾಗಾಗಿ ಆ ಊರಿನ ಹೆಸರು ಉಳಿಯಿತು. ನಮ್ಮ ಬಡಗಿಗಳು ಅದಕ್ಕೂ ಯೋಗ್ಯರಲ್ಲವೆ?